ಲಿಂಕ್ ಕಳಿಸಬೇಡಿ, ಕೇಳಿದ್ದನ್ನು ಹೇಳಿ

ಮೊನ್ನೆ ಆಫೀಸಿನಲ್ಲಿ ನಡೆದದ್ದು. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಕನ್ನಡ ಸಿನಿಮಾದ ಹಾಡುಗಳು ಬಿಡುಗಡೆಯಾದವು. ಹತ್ತೂಕಾಲಿಗೆ ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗ್. ಹೆಸರಿಗೆ ಹದಿನೈದು ನಿಮಿಷದ್ದು, ಮುಗಿದದ್ದು ಹನ್ನೊಂದಕ್ಕೆ (ಎಲ್ಲಾ ಕಡೆ ಹೀಗೇ ಅಂತ ಕೇಳಿದ್ದೇನೆ :-)). ಹನ್ನೊಂದೂ ಹತ್ತಕ್ಕೆ ಕಾಫಿ ಮಷೀನಿನ ಹತ್ತಿರ ನನ್ನ ಪಕ್ಕದ ಸೀಟಿನ ಗೆಳೆಯ ತೀರ್ಪು ಕೊಟ್ಟೇಬಿಟ್ಟ. "ಆಲ್ಬಮ್ ವೇಸ್ಟ್ ಮಗಾ. ಒಂದು ಹಾಡು ಓಕೆ. ಮಿಕ್ಕಿದ್ದೆಲ್ಲ ಬೋರು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆರು ಹಾಡು, ಒಟ್ಟು ಇಪ್ಪತ್ತಾರು ನಿಮಿಷ. ಮೀಟಿಂಗಿನಲ್ಲಿ ಇವನು ನನ್ನ ಎದುರಿಗೇ ಕೂತಿದ್ದ, ಕಿವಿಯಲ್ಲಿ ಏನೂ ಇರಲಿಲ್ಲ.

"ಯಾವಾಗ ಕೇಳಿದ್ಯೋ?" ಅಂದೆ.

"ಹಂಗೇ ಸ್ಕಿಪ್ ಮಾಡ್ತಾ ಕೇಳ್ದೆ ಕಣೋ. ಗೊತ್ತಾಗುತ್ತಲ್ಲ."

ಗೊತ್ತಾಗುತ್ತಲ್ಲ! ಈ ಒಂದು ಮಾತು ನನ್ನನ್ನು ಎರಡು ದಿನ ಕಾಡಿತು. ಏನು ಗೊತ್ತಾಗುತ್ತದೆ? ಒಬ್ಬ ಸಂಗೀತ ನಿರ್ದೇಶಕ ತಿಂಗಳುಗಟ್ಟಲೆ ಕೂತು ಮಾಡಿದ್ದು, ಒಬ್ಬ ಕವಿ ಪದ ಬದಲಿಸಿ ಬದಲಿಸಿ ಬರೆದದ್ದು, ಹತ್ತು ಹದಿನೈದು ಜನ ವಾದ್ಯದವರು ನುಡಿಸಿದ್ದು, ಇದೆಲ್ಲ ಹೆಬ್ಬೆರಳಲ್ಲಿ ಉಜ್ಜಿದರೆ ಗೊತ್ತಾಗುತ್ತದೆಯೇ? ನಾವು ಬರೆದ ಕೋಡನ್ನು ಯಾರಾದರೂ ಓದದೆ "ವೇಸ್ಟ್" ಅಂದರೆ ಅವತ್ತೇ ಮ್ಯಾನೇಜರ್ ತನಕ ಹೋಗುತ್ತೇವೆ. ಹಾಡಿಗೆ ಮ್ಯಾನೇಜರ್ ಇಲ್ಲ. ಅದಕ್ಕೆ ಈ ಬರಹ.

ನನ್ನ ಜಗಳ ಮೂರು ಅಭ್ಯಾಸಗಳ ಜೊತೆ. ಒಂದು, ಕೇಳದೆ ತೀರ್ಪು ಕೊಡುವುದು. ಎರಡು, ಒಂದು ಮಾತೂ ಬರೆಯದೆ ಬರೀ ಲಿಂಕ್ ಕಳಿಸಿ "ಶೇರ್ ಮಾಡಿದೆ" ಅಂದುಕೊಳ್ಳುವುದು. ಮೂರು, ಹಾಡು ಯಾರದ್ದು ಅಂತ ವಿಚಾರಿಸದೇ ಇರುವುದು. ಮೂರೂ ಬೇರೆ ಬೇರೆ ಅನ್ನಿಸಬಹುದು. ನನ್ನ ಪ್ರಕಾರ ರೋಗ ಒಂದೇ. ನಾವು ಹಾಡನ್ನು ಕೇಳುತ್ತಿಲ್ಲ, ದಾಟಿಸುತ್ತಿದ್ದೇವೆ.

ಮೊದಲು ಲಿಂಕಿನ ವಿಷಯ ತಗೊಳ್ಳೋಣ. ನನ್ನ ಮೊಬೈಲಿನಲ್ಲಿ ಈಗ ಕಡಿಮೆ ಅಂದರೂ ಇನ್ನೂರು ಹಾಡಿನ ಲಿಂಕುಗಳು ಬಿದ್ದಿವೆ. ಸ್ನೇಹಿತರು, ಚಿಕ್ಕಮ್ಮನ ಮಗ, ಹಳೆಯ ರೂಮ್‌ಮೇಟ್, ಎಲ್ಲರೂ ಕಳಿಸಿದ್ದು. ಕೆಳಗೆ ಒಂದು ಬೆಂಕಿಯ ಚಿತ್ರ, ಇಲ್ಲವೇ "ಸೂಪರ್". ನಾನು ವಾಪಸ್ಸು ಒಂದು ಹೆಬ್ಬೆಟ್ಟು ಒತ್ತುತ್ತೇನೆ. ಕೇಳಿರುವುದಿಲ್ಲ. ಕಳಿಸಿದವರಿಗೂ ಗೊತ್ತು ನಾನು ಕೇಳಿಲ್ಲ ಅಂತ. ಕೋಡ್ ರಿವ್ಯೂ ಮಾಡುವಾಗ ಓದದೇ "ಎಲ್‌ಜಿಟಿಎಂ" ಅಂತ ಒತ್ತಿ ಪಾರಾಗುತ್ತೇವಲ್ಲ, ಥೇಟ್ ಅದೇ. ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಖುಷಿಯಾಗಿದ್ದೇವೆ.

ಇದಕ್ಕೆ ನಾನು ಮತ್ತು ಇಬ್ಬರು ಗೆಳೆಯರು ಎರಡು ವರ್ಷದ ಹಿಂದೆ ಒಂದು ಕಟ್ಟುಪಾಡು ಮಾಡಿಕೊಂಡೆವು. ಒಬ್ಬ ಬೆಳಗಾವಿಯಲ್ಲಿ ಲೆಕ್ಚರರ್, ಇನ್ನೊಬ್ಬ ಜರ್ಮನಿಯಲ್ಲಿ ಎಂ.ಎಸ್. ಮುಗಿಸಿ ಅಲ್ಲೇ ಕೆಲಸದಲ್ಲಿದ್ದಾನೆ. ನಿಯಮ ಇಷ್ಟೇ. ಲಿಂಕ್ ಮಾತ್ರ ಕಳಿಸುವ ಹಾಗಿಲ್ಲ. ನಾಲ್ಕು ಸಾಲು ಬರೆಯಬೇಕು. ಏನು ಕೇಳಿದೆ, ಎಲ್ಲಿ ಹೇಗೆ ಕೇಳಿದೆ, ಕಿವಿಗೆ ಏನು ಬಿತ್ತು, ಇದು ಯಾರ ಯಾರ ಕೆಲಸ. "ಸೂಪರ್" ಅನ್ನೋ ಪದಕ್ಕೆ ನಿಷೇಧ. ದಿನವೂ ಬರೆಯಬೇಕು ಅಂತೇನಿಲ್ಲ, ಕೇಳಿದ ದಿನ ಬರೆದರೆ ಸಾಕು. ಮೊದಲ ವಾರ ನನಗೆ ಎರಡನೇ ಸಾಲಿನ ಮುಂದೆ ಹೋಗೋಕೇ ಆಗಲಿಲ್ಲ. "ಕಿವಿಗೆ ಏನು ಬಿತ್ತು" ಅಂತ ಕೇಳಿಕೊಂಡರೆ ಉತ್ತರವೇ ಇಲ್ಲ! ಹದಿನೈದು ವರ್ಷದಿಂದ "ನನಗೆ ಮ್ಯೂಸಿಕ್ ಅಂದ್ರೆ ಪ್ರಾಣ" ಅಂತ ಹೇಳಿಕೊಂಡು ಬಂದವನ ಸ್ಥಿತಿ ಇದು.

ಒಂದು ಉದಾಹರಣೆ ಹೇಳುತ್ತೇನೆ. ಬೆಳಗಾವಿಯವನು 'ಕಾಲ್ ಆಫ್ ದ ವ್ಯಾಲಿ' ಕೇಳು ಅಂದ. 1967ರ ಆಲ್ಬಮ್. ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ನಾನು ಸಿಲ್ಕ್ ಬೋರ್ಡಿನಲ್ಲಿ 500ಡಿ ಬಸ್ಸು ಹತ್ತಿ ಕಿವಿಗೆ ಸಿಕ್ಕಿಸಿಕೊಂಡೆ. ಚೆನ್ನಾಗಿತ್ತು, ಹಿತವಾಗಿತ್ತು, ಮಾರತ್ತಹಳ್ಳಿ ಬರುವಷ್ಟರಲ್ಲಿ ನಿದ್ದೆ ಬಂತು. ರಾತ್ರಿ ಬರೆದೆ, "ಹಿತವಾಗಿದೆ, ಆದರೆ ಒಂದಕ್ಕೊಂದು ಸಂಬಂಧ ಕಾಣಲಿಲ್ಲ." ಅವನಿಂದ ಒಂದೇ ಪ್ರಶ್ನೆ ಬಂತು. "ಮೊದಲು ಯಾವ ರಾಗ ಬಂತೋ?" ನೋಡಿದರೆ ಆ್ಯಪ್‌ನಲ್ಲಿ ಶಫಲ್ ಆನ್ ಆಗಿತ್ತು. ನನಗೆ ಮೊದಲು ಕೇಳಿಸಿದ್ದು ಪಹಾಡಿ!

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಆ ಆಲ್ಬಮ್ ಕಾಶ್ಮೀರದ ಕಣಿವೆಯ ಒಬ್ಬ ಕುರುಬನ ಒಂದು ದಿನ. ಬೆಳಗಿನ ಅಹೀರ್ ಭೈರವ್, ನಟ ಭೈರವ್‌ನಿಂದ ಶುರುವಾಗಿ ಪೀಲೂ, ಭೂಪ್, ದೇಸ್ ದಾಟಿ ಪಹಾಡಿಯಲ್ಲಿ ಮುಗಿಯುತ್ತದೆ. ರಾಗಗಳನ್ನು ಜೋಡಿಸಿರುವುದೇ ಹೊತ್ತಿನ ಪ್ರಕಾರ. ನಾನು ಆ ಕುರುಬನಿಗೆ ರಾತ್ರಿ ಮೊದಲು ಮಾಡಿ, ಮಧ್ಯಾಹ್ನ ಆಮೇಲೆ ತಂದು, ಕೊನೆಗೆ ಬೆಳಗಾಗಿಸಿದ್ದೆ. ಆಮೇಲೆ "ಸಂಬಂಧ ಕಾಣಲಿಲ್ಲ" ಅಂತ ತೀರ್ಪು ಬೇರೆ! ಮುಂದಿನ ಭಾನುವಾರ ಬೆಳಿಗ್ಗೆ ಸರಿಯಾದ ಕ್ರಮದಲ್ಲಿ ಕೇಳಿದೆ. ಸುಮಾರು ನಲವತ್ತು ನಿಮಿಷ. ಕೊಳಲು ಬರುವುದಕ್ಕೆ ಮುಂಚೆ ಸಂತೂರ್ ಎಷ್ಟು ಜಾಗ ಬಿಟ್ಟುಕೊಡುತ್ತದೆ ಅನ್ನುವುದು ಅವತ್ತು ಮೊದಲ ಸಲ ಕೇಳಿಸಿತು. ಹಾಡು ಬದಲಾಗಿರಲಿಲ್ಲ. ಗೆಳೆಯ ಒಂದು ಪ್ರಶ್ನೆ ಕೇಳಿದ್ದ, ಅಷ್ಟೇ. ಬರೀ ಲಿಂಕ್ ಕಳಿಸಿ ನಾನು ಬರೀ ಹೆಬ್ಬೆಟ್ಟು ಒತ್ತಿದ್ದರೆ ಈ ತಪ್ಪು ಸಾಯುವ ತನಕ ನನ್ನ ಜೊತೆ ಇರುತ್ತಿತ್ತು.

"ಕ್ರಮದಲ್ಲಿ ಏನಿದೆ ಮಹಾ" ಅನ್ನುವವರಿಗೆ ಇನ್ನೊಂದು ಮಾತು. 2021ರಲ್ಲಿ ಅಡೆಲ್ ತನ್ನ '30' ಆಲ್ಬಮ್ ಬಿಟ್ಟಾಗ, ಆಲ್ಬಮ್ ಪುಟದಲ್ಲಿ ಶಫಲ್ ಮೊದಲ ಆಯ್ಕೆಯಾಗಿರಬಾರದು ಅಂತ ಕೇಳಿಕೊಂಡಳು. ಸ್ಪಾಟಿಫೈ ಒಪ್ಪಿ ಬದಲಾಯಿಸಿತು. ಜಗತ್ತಿನ ಅಷ್ಟು ದೊಡ್ಡ ಗಾಯಕಿಗೂ, "ನಾನು ಜೋಡಿಸಿದ ಕ್ರಮದಲ್ಲಿ ಕೇಳಿ" ಅಂತ ಬಾಯಿಬಿಟ್ಟು ಕೇಳಬೇಕಾಯಿತು ನೋಡಿ. ನಮ್ಮ ಸಂಗೀತ ನಿರ್ದೇಶಕರ ಪರವಾಗಿ ಯಾರು ಕೇಳುತ್ತಾರೆ?

ಈಗ ತೀರ್ಪಿನ ವಿಷಯ. ಬಿಡುಗಡೆಯಾದ ಗಂಟೆಯೊಳಗೆ ಐದಕ್ಕೆ ಎರಡೂವರೆ ಸ್ಟಾರ್ ಕೊಡುವ ಶೂರರೇ, ನಿಮ್ಮಲ್ಲಿ ನಾನೂ ಒಬ್ಬನಾಗಿದ್ದೆ. 2014ರಲ್ಲಿ 'ಉಳಿದವರು ಕಂಡಂತೆ' ಬಂದಾಗ ನಾನು ಪಿಯುಸಿ. ಅಜನೀಶ್ ಲೋಕನಾಥ್ ಹೆಸರು ಆಗ ನಮಗ್ಯಾರಿಗೂ ಪರಿಚಯ ಇರಲಿಲ್ಲ. ಹಾಸ್ಟೆಲಿನಲ್ಲಿ ಒಬ್ಬನ ಫೋನಿನ ಸ್ಪೀಕರಿನಲ್ಲಿ ಕೇಳಿ "ಬರೀ ಗಲಾಟೆ" ಅಂದುಬಿಟ್ಟೆ. ಅದನ್ನೇ ನಾಲ್ಕು ಜನಕ್ಕೆ ಹೇಳಿದೆ, ಅವರು ಇನ್ನು ನಾಲ್ಕು ಜನಕ್ಕೆ ಹೇಳಿರಬೇಕು. ಮೂರು ವರ್ಷ ಆದ ಮೇಲೆ ಇಂಜಿನಿಯರಿಂಗ್ ಗೆಳೆಯನ ಮನೆಗೆ ಅಂತ ಅಷ್ಟಮಿಗೆ ಉಡುಪಿಗೆ ಹೋದೆ. ರಥಬೀದಿಯಲ್ಲಿ ಹುಲಿವೇಷದವರು ಬಂದರು. ತಾಸೆಯ ಬಡಿತ ಎದೆಗೆ ಬಡಿಯುವಷ್ಟು ಹತ್ತಿರ. ಆವತ್ತು ರಾತ್ರಿ ಹೋಗಿ ಆ ಸಿನಿಮಾವನ್ನು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ನೋಡಿದೆ. ನಾನು ಗಲಾಟೆ ಅಂದದ್ದು ಒಂದು ಊರಿನ ನಾಡಿ ಬಡಿತ. ತಪ್ಪು ಹಾಡಿನದ್ದಲ್ಲ, ಎರಡಿಂಚಿನ ಸ್ಪೀಕರಿನದ್ದೂ ಅಲ್ಲ, ಒಂದೇ ಸಲ ಕೇಳಿ ನಾಲ್ಕು ಜನಕ್ಕೆ ಸಾರಿದ ನನ್ನದು. ಆ ನಾಲ್ಕು ಜನರನ್ನು ಈಗ ಎಲ್ಲಿ ಹುಡುಕಿ ಕ್ಷಮೆ ಕೇಳಲಿ?

ಕೇಳುವ ಕೆಲಸ ಎಷ್ಟು ನಿಧಾನದ್ದು ಅನ್ನುವುದಕ್ಕೆ ನನಗೆ ಇಷ್ಟದ ಕಥೆ ಒಂದಿದೆ. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959ರದ್ದು, ಜಾಝ್ ಕೇಳುವವರ ಪಾಲಿಗೆ ಭಗವದ್ಗೀತೆ. ಐದೇ ಟ್ರ್ಯಾಕು. ಅದರ ಮೊದಲ ಬದಿಯ ಮೂರು ಟ್ರ್ಯಾಕುಗಳನ್ನು ಧ್ವನಿಮುದ್ರಿಸಿದ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ಹಾಗಾಗಿ ರೆಕಾರ್ಡ್ ಹಾಕಿದಾಗ ಅವು ಸ್ವಲ್ಪ ವೇಗವಾಗಿ, ಶ್ರುತಿ ಸ್ವಲ್ಪ ಮೇಲಾಗಿ ಕೇಳಿಸುತ್ತಿದ್ದವು. ಜೊತೆಗೆ ನುಡಿಸಲು ಹೋದವರಿಗೆ ಶ್ರುತಿ ಕೂಡುತ್ತಿರಲಿಲ್ಲ. ಸರಿಮಾಡಿದ ಆವೃತ್ತಿ ಬಂದದ್ದು 1992ರಲ್ಲಿ. ಮೂವತ್ಮೂರು ವರ್ಷ! ಜಗತ್ತಿನಲ್ಲಿ ಅತಿ ಹೆಚ್ಚು ಜನ ಕೇಳಿದ ಜಾಝ್ ಆಲ್ಬಮ್ಮಿನಲ್ಲೇ ಒಂದು ಬಗ್ ಅಷ್ಟು ವರ್ಷ ಪ್ರೊಡಕ್ಷನ್‌ನಲ್ಲಿ ಓಡುತ್ತಿತ್ತು. ನೀವು ಕಾಫಿ ಕುಡಿಯುವಷ್ಟರಲ್ಲಿ ಆರು ಹಾಡಿಗೆ ತೀರ್ಪು ಬರೆಯುತ್ತೀರಿ.

ಇನ್ನು ಮೂರನೆಯದು. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಹಾಡು ಯಾರದ್ದು?

ಇದರಲ್ಲೂ ಮೊದಲ ಅಪರಾಧಿ ನಾನೇ. ಹಿಂದಿನ ವರ್ಷ ಆಫೀಸಿನ ರಾಜ್ಯೋತ್ಸವದಲ್ಲಿ ನನ್ನನ್ನು ನಿರೂಪಕ ಮಾಡಿದ್ದರು. ನಮ್ಮ ಟೆಸ್ಟಿಂಗ್ ಟೀಮಿನ ಹುಡುಗಿಯೊಬ್ಬಳು 'ಅಮೇರಿಕಾ ಅಮೇರಿಕಾ' ಸಿನಿಮಾದ ಮೋಹನ ಮುರಳಿ ಹಾಡು ಹಾಡುವವಳಿದ್ದಳು. ನಾನು ಆ್ಯಪ್ ತೆಗೆದು ನೋಡಿಕೊಂಡೆ. ಸಿನಿಮಾದ ಹೆಸರಿತ್ತು, ಗಾಯಕರ ಹೆಸರಿತ್ತು, ಮನೋ ಮೂರ್ತಿ ಅಂತ ಸಂಗೀತ ನಿರ್ದೇಶಕರ ಹೆಸರಿತ್ತು. ಬರೆದವರ ಹೆಸರಿರಲಿಲ್ಲ. ಸರಿ, ಮೈಕ್ ಹಿಡಿದು "ಅಮೇರಿಕಾ ಅಮೇರಿಕಾ ಚಿತ್ರಕ್ಕಾಗಿಯೇ ಬರೆದ ಅದ್ಭುತವಾದ ಹಾಡು" ಅಂತ ಘೋಷಿಸಿದೆ. ಚಪ್ಪಾಳೆ ಬಿತ್ತು. ಇನ್ನೂರು ಜನರಲ್ಲಿ ಒಬ್ಬರೂ ಏನೂ ಅನ್ನಲಿಲ್ಲ.

ರಾತ್ರಿ ಮನೆಗೆ ಬಿಡುವಾಗ ಕ್ಯಾಬ್ ಓಡಿಸುವವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬೈಂದೂರು ಕಡೆಯವರು, ನಮ್ಮಪ್ಪನ ವಯಸ್ಸು. ಹಿಂದೆ ನಿಂತು ಕಾರ್ಯಕ್ರಮ ನೋಡಿದ್ದರಂತೆ. "ಅದು ಸಿನಿಮಾಕ್ಕೆ ಬರ್ದದ್ದಲ್ಲ ಮಾರಾಯ್ರೆ. ಅದು ನಮ್ಮ ಮೊಗೇರಿ ಅಡಿಗರ ಪದ್ಯ" ಅಂದರು. ಬೈಯಲಿಲ್ಲ, ನಗಲೂ ಇಲ್ಲ. ಸುಮ್ಮನೆ ಗೇರ್ ಬದಲಿಸಿದರು.

ಗೋಪಾಲಕೃಷ್ಣ ಅಡಿಗರು! ಅವರು ತೀರಿಕೊಂಡದ್ದು 1992ರಲ್ಲಿ. ಸಿನಿಮಾ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಅಂದರೆ ತೀರಿಕೊಂಡ ಕವಿಯ ಕೈಯಲ್ಲಿ ನಾನು ಸಿನಿಮಾ ಹಾಡು ಬರೆಸಿದ್ದೆ. ಆಮೇಲೆ 2023ರಲ್ಲಿ ಬಂದ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಹೆಸರೂ ಅದೇ ಪದ್ಯದ್ದು. ಎಷ್ಟು ಜನ ಆ ಹೆಸರನ್ನು ಕೈ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾರೋ ದೇವರೇ ಬಲ್ಲ. ಅವರಲ್ಲಿ ಅಡಿಗರ ಹೆಸರು ಹೇಳುವವರು ಎಷ್ಟು ಜನ?

ಇಲ್ಲಿ ಸ್ವಲ್ಪ ಟೆಕ್ನಿಕಲ್ ಮಾತಾಡಲು ಬಿಡಿ, ಹೊಟ್ಟೆಪಾಡು ಅದೇ ಅಲ್ಲವೇ. ಎಂಪಿ3 ಫೈಲಿನೊಳಗೆ ಹಾಡಿನ ವಿವರ ತುಂಬಲು 1996ರಲ್ಲಿ ಐಡಿ3 ಅಂತ ಒಂದು ವ್ಯವಸ್ಥೆ ಬಂತು. ಫೈಲಿನ ಬಾಲದಲ್ಲಿ 128 ಬೈಟ್. ಅದರಲ್ಲಿ ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಷರಾ ಬರೆಯಲು 30, ಪ್ರಕಾರಕ್ಕೆ 1. ಬರೆದವರಿಗೆ ಎಷ್ಟು? ಸೊನ್ನೆ. ರಾಗ ಹಾಕಿದವರಿಗೆ? ಅವರಿಗೂ ಸೊನ್ನೆ. ಪ್ರಕಾರಗಳ ಪಟ್ಟಿಯಲ್ಲಿ 80 ಇದ್ದವು, ಅದರಲ್ಲಿ ಕರ್ನಾಟಕ ಸಂಗೀತ ಇಲ್ಲ, ಹಿಂದೂಸ್ತಾನಿ ಇಲ್ಲ. ಭಾವಗೀತೆಯನ್ನು 'ಎಥ್ನಿಕ್' ಅಥವಾ 'ಅದರ್' ಡಬ್ಬಿಗೆ ಹಾಕಬೇಕಿತ್ತು. ಇನ್ನೊಂದು ತಮಾಷೆ ನೋಡಿ. 'ಮೈಸೂರು ಮಲ್ಲಿಗೆ' ಅಂತ ಕನ್ನಡ ಅಕ್ಷರದಲ್ಲಿ ಯುಟಿಎಫ್-8ನಲ್ಲಿ ಬರೆದರೆ 40 ಬೈಟ್ ಬೇಕು. 30ರ ಡಬ್ಬಿಯಲ್ಲಿ ಅದು ಹಿಡಿಯುವುದೇ ಇಲ್ಲ! 1942ರಿಂದ ಕನ್ನಡಿಗರ ಬಾಯಲ್ಲಿರುವ ಪುಸ್ತಕದ ಹೆಸರು ಆ ಡಬ್ಬಿಯೊಳಗೆ ಕೂರದು.

ಆದರೆ ಇದನ್ನೇ ನೆಪ ಮಾಡುವ ಹಾಗಿಲ್ಲ. 1998ರಲ್ಲೇ ಬಂದ ಎರಡನೇ ಆವೃತ್ತಿಯಲ್ಲಿ ರಾಗ ಹಾಕಿದವರಿಗೆ ಒಂದು, ಸಾಹಿತ್ಯ ಬರೆದವರಿಗೆ ಒಂದು ಪ್ರತ್ಯೇಕ ಜಾಗ ಕೊಟ್ಟರು. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು, ಎಷ್ಟು ಉದ್ದ ಬೇಕಾದರೂ ಬರೆಯಬಹುದು. ಜಾಗ ಇದೆ. ತುಂಬುವವರಿಲ್ಲ. ಅದು ತಂತ್ರಜ್ಞಾನದ ತೊಂದರೆ ಅಲ್ಲ, ಕೇಳುವವರು ಯಾರೂ ಕೇಳಲಿಲ್ಲ ಅನ್ನುವ ತೊಂದರೆ. ಬಳಸುವವರು ಕೇಳದ ಫೀಚರನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಇದು ನನ್ನ ಆರು ವರ್ಷದ ಸರ್ವೀಸಿನ ಸಾರ.

ಈಗ 1902ಕ್ಕೆ ಬನ್ನಿ. ಗ್ರಾಮೋಫೋನ್ ಕಂಪನಿಯವರು ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡರು. ಮೂರು ನಿಮಿಷದ ಹಾಡು ಮುಗಿದ ತಕ್ಷಣ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ. ಜಂಬಕ್ಕಲ್ಲ. ಆ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಇದು ಯಾರ ದನಿ ಅಂತ ಗೊತ್ತಾಗಿ ಲೇಬಲ್ ಸರಿಯಾಗಿ ಅಂಟಿಸಲಿ ಅಂತ. ಅಂದರೆ ಮೆಟಾಡೇಟಾವನ್ನು ಹಾಡಿನೊಳಗೇ ಇಟ್ಟು ಕಳಿಸಿದಳು! ಆ ಗೌಹರ್ ಜಾನ್ ಕೊನೆಗೆ ಬಂದು ನೆಲೆಸಿದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲೇ. ನೂರಿಪ್ಪತ್ತು ವರ್ಷದ ಹಿಂದೆ ಒಬ್ಬ ಹೆಂಗಸಿಗೆ ತನ್ನ ಹೆಸರು ಹಾಡಿನಿಂದ ಬೇರೆಯಾಗಬಾರದು ಅನ್ನುವ ಎಚ್ಚರ ಇತ್ತು. ಅದಕ್ಕೇ ಇವತ್ತಿಗೂ ನಮಗೆ ಆ ದನಿ ಯಾರದ್ದು ಅಂತ ಗೊತ್ತು. ಕವಿಗೆ ಆ ಅವಕಾಶ ಇಲ್ಲ. ಹಾಡಿನ ಕೊನೆಗೆ ಬಂದು "ನಾನು ಬರೆದದ್ದು" ಅನ್ನಲಿಕ್ಕೆ ಆಗುವುದಿಲ್ಲ. ಅವನ ಪರವಾಗಿ ನಾವೇ ಹೇಳಬೇಕು.

ಹೆಸರು ಅಂದರೆ ಬರೀ ಗೌರವ ಅಲ್ಲ, ಅನ್ನವೂ ಹೌದು. 2012ರಲ್ಲಿ ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ ತಿದ್ದುಪಡಿಯಾಯಿತು. ಸಿನಿಮಾ ಹಾಡನ್ನು ಚಿತ್ರಮಂದಿರದ ಹೊರಗೆ ಬಳಸಿದಾಗ ಬರುವ ರಾಯಲ್ಟಿಯಲ್ಲಿ ಬರೆದವರಿಗೂ ರಾಗ ಹಾಕಿದವರಿಗೂ ಸಮಪಾಲು ಸಲ್ಲಬೇಕು, ಆ ಹಕ್ಕನ್ನು ಅವರು ಬರೆದುಕೊಡುವ ಹಾಗೂ ಇಲ್ಲ ಅಂತ ಆಯಿತು. ಒಳ್ಳೆಯದೇ. ಆದರೆ ಹೆಸರೇ ದಾಖಲಾಗದ ಕಡೆ ಪಾಲು ಯಾರ ಮನೆ ಬಾಗಿಲು ತಟ್ಟಬೇಕು?

ನಮ್ಮಪ್ಪ ಸಾಗರದಲ್ಲಿ ಕೋ-ಆಪರೇಟಿವ್ ಸೊಸೈಟಿಯ ಗುಮಾಸ್ತರಾಗಿದ್ದರು. ಸಂಗೀತ ಕಲಿತವರಲ್ಲ. ಅವರ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತೆರಡು ಕ್ಯಾಸೆಟ್ಟುಗಳಿದ್ದವು. ಎಲ್ಲಕ್ಕಿಂತ ಮೇಲೆ 'ನಿತ್ಯೋತ್ಸವ', 1978ರಲ್ಲಿ ಬಂದ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಮಿಕ್ಕವು ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿದ್ದು. ಆ ಪ್ರತಿ ಕ್ಯಾಸೆಟ್ಟಿನ ಒಳಚೀಟಿಯಲ್ಲೂ ನೀಲಿ ಇಂಕಿನಲ್ಲಿ ಹಾಡು, ಕವಿ, ರಾಗ ಹಾಕಿದವರು, ಹಾಡಿದವರು ಅಂತ ನಾಲ್ಕು ಕಾಲಂ. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟು, ಆಕಾಶವಾಣಿಯಲ್ಲಿ ಹೆಸರು ಹೇಳಿದ ದಿನ ತುಂಬುತ್ತಿದ್ದರು. ಸೊಸೈಟಿಯ ಲೆಡ್ಜರ್ ಬರೆಯುವ ಅಭ್ಯಾಸ, ಅಷ್ಟೇ. ಅಮ್ಮ "ಇವ್ರಿಗೆ ಹಾಡಿಗಿಂತ ಚೀಟಿನೇ ಮುಖ್ಯ" ಅಂತ ತಮಾಷೆ ಮಾಡುತ್ತಿದ್ದಳು. ನಾವು ಮನೆ ಬದಲಿಸುವಾಗ ಟೇಪ್ ರೆಕಾರ್ಡರ್ ಹೋಗಿತ್ತು, ಆ ಡಬ್ಬಿಯನ್ನು ನಾನೇ ಗುಜರಿಗೆ ಹಾಕಿದೆ. "ಎಲ್ಲಾ ನೆಟ್‌ನಲ್ಲಿ ಸಿಗುತ್ತೆ ಅಪ್ಪಾ" ಅಂದಿದ್ದೆ. ಹಾಡುಗಳು ಸಿಕ್ಕಿದವು, ನಿಜ. ನಾಲ್ಕು ಕಾಲಮ್ಮು ಸಿಗಲಿಲ್ಲ. ಕ್ಯಾಬಿನಲ್ಲಿ ಅಡಿಗರ ಹೆಸರು ಕೇಳಿದ ರಾತ್ರಿ ನನಗೆ ಮೊದಲು ನೆನಪಾದದ್ದು ಆ ಡಬ್ಬಿ. ಅದರಲ್ಲಿ ಖಂಡಿತ ಬರೆದಿತ್ತು.

ಈಗ ನಿಮ್ಮ ವಾದಗಳಿಗೆ ಬರೋಣ. ಹೇಳುವವರು ಹೇಳೇ ಹೇಳುತ್ತಾರೆ, ನನಗೆ ಬಾಯಿಪಾಠ ಆಗಿದೆ.

"ಟೈಮ್ ಎಲ್ಲಿದೆ ಗುರೂ?" ಇಪ್ಪತ್ತಾರು ನಿಮಿಷ ಸ್ವಾಮಿ. ಬೆಂಗಳೂರಿನ ಯಾವುದಾದರೂ ನಾಲ್ಕು ಸಿಗ್ನಲ್ಲಿನಲ್ಲಿ ನಿಂತರೆ ಸಿಗುತ್ತದೆ. ನಿಮ್ಮ ಮೊಬೈಲಿನಲ್ಲೇ ಸ್ಕ್ರೀನ್ ಟೈಮ್ ಎಷ್ಟು ಅಂತ ತೆಗೆದು ನೋಡಿ, ಆಮೇಲೆ ಈ ವಾದ ಮುಂದುವರಿಸೋಣ.

"ಸಿನಿಮಾ ಹಾಡು ಆಲ್ಬಮ್ ಹೇಗಾಗುತ್ತೆ? ಸನ್ನಿವೇಶಕ್ಕೆ ತಕ್ಕ ಬಿಡಿ ಹಾಡುಗಳು ಅಷ್ಟೇ." ಹೌದಾ? 1987ರ 'ಪ್ರೇಮಲೋಕ' ತಗೊಳ್ಳಿ. ಬರೆದವರೂ ಹಂಸಲೇಖ, ಸಂಗೀತವೂ ಹಂಸಲೇಖ. ಒಬ್ಬನೇ ಮನುಷ್ಯನ ತಲೆಯೊಳಗಿಂದ ಮಾತು ಮತ್ತು ತಾಳ ಒಟ್ಟಿಗೇ ಹುಟ್ಟಿದರೆ ಹೇಗಿರುತ್ತದೆ ಅನ್ನುವುದು ಮೊದಲಿಂದ ಕೊನೆಯವರೆಗೆ ಕೇಳಿದರೆ ತಿಳಿಯುತ್ತದೆ. ಹಾಡಿನೊಳಗೆ ಸಂಭಾಷಣೆ, ಸಂಭಾಷಣೆಯೊಳಗೆ ಹಾಡು. ಬಿಡಿಯಾಗಿ ಕೇಳಿದರೆ ಒಂದೊಂದು ಒಳ್ಳೆಯ ಹಾಡು, ಒಟ್ಟಿಗೆ ಕೇಳಿದರೆ ಒಂದು ಲೋಕ. ಇನ್ನು 'ಸಪ್ತ ಸಾಗರದಾಚೆ ಎಲ್ಲೋ' ಸಿನಿಮಾದವರಂತೂ ಎರಡು ಭಾಗಕ್ಕೆ ಸೈಡ್ ಎ, ಸೈಡ್ ಬಿ ಅಂತಲೇ ಹೆಸರಿಟ್ಟರು. ಒಂದು ಸೆಪ್ಟೆಂಬರಿನಲ್ಲಿ, ಇನ್ನೊಂದು ನವೆಂಬರಿನಲ್ಲಿ. ಚರಣ್ ರಾಜ್ ಸಂಗೀತವನ್ನು ಎರಡೂ ಬದಿ ಕೂಡಿಸಿ ಕೇಳಿದವರಿಗೆ ಅದು ಬಿಡಿ ಹಾಡುಗಳ ಗಂಟಲ್ಲ ಅಂತ ನಾನು ಹೇಳಬೇಕಿಲ್ಲ.

"ಈಗಿನ ಹಾಡಲ್ಲಿ ಏನಿದೆ? ಹಳೇದೇ ಹಾಡು." ದಯವಿಟ್ಟು ನನ್ನನ್ನು ನಿಮ್ಮ ಪಾರ್ಟಿಗೆ ಸೇರಿಸಿಕೊಳ್ಳಬೇಡಿ. ಕೇಳದೆ ಹೊಗಳುವುದೂ ಕೇಳದೆ ತೆಗಳುವಷ್ಟೇ ಸೋಮಾರಿತನ. ರಾಜನ್-ನಾಗೇಂದ್ರ ದೊಡ್ಡವರು ಅಂತ ಸಾಬೀತು ಮಾಡಲು ಇವತ್ತಿನ ಹುಡುಗರ ಹಾಡನ್ನು ಕೇಳದೆ ಬೈಯಬೇಕಾಗಿಲ್ಲ. ಅವರ ಇಂಟರ್‌ಲ್ಯೂಡ್ ಒಂದರಲ್ಲಿ ಏನು ನಡೆಯುತ್ತದೆ ಅಂತ ನಾಲ್ಕು ಸಾಲು ಬರೆಯಿರಿ, ನಾನು ಕೂತು ಓದುತ್ತೇನೆ.

"ಎಲ್ಲಾ ಕಾಲದಲ್ಲೂ ಹಾಡನ್ನು ಕತ್ತರಿಸಿದ್ದಾರೆ, ರೀಲ್ಸ್‌ಗೆ ಮಾತ್ರ ಯಾಕೆ ಬೈತೀರಿ?" ಇದು ಒಳ್ಳೆಯ ಪ್ರಶ್ನೆ. ಮೆಚ್ಚಿದೆ. ನಿಜ, 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ. 1948ರಲ್ಲಿ ಎಲ್‌ಪಿ ಬರುವ ತನಕ ದೊಡ್ಡ ದೊಡ್ಡ ಉಸ್ತಾದರು ರಾಗವನ್ನು ಆ ಮೂರು ನಿಮಿಷಕ್ಕೆ ಅಡಕಬೇಕಿತ್ತು. ಆದರೆ ಅಬ್ದುಲ್ ಕರೀಂ ಖಾನರ ತಟ್ಟೆಗಳನ್ನು ಕೇಳಿ ನೋಡಿ. ಅಲ್ಲಿ ಕತ್ತರಿಸಿದವರು ಸ್ವತಃ ಅವರೇ. ಎಲ್ಲಿ ಶುರು ಮಾಡಬೇಕು, ಎಲ್ಲಿ ಬಿಡಬೇಕು ಅಂತ ಹಾಡುವವರೇ ತೀರ್ಮಾನಿಸಿದ್ದರಿಂದ ಮೂರು ನಿಮಿಷವೂ ಪೂರ್ತಿ. ರೀಲಿನಲ್ಲಿ ಕತ್ತರಿ ಇನ್ಯಾರದೋ ಕೈಯಲ್ಲಿದೆ. ಮೊದಲನೆಯದು ಚಿಕ್ಕ ಅಂಗಿ ಹೊಲಿದದ್ದು, ಎರಡನೆಯದು ದೊಡ್ಡ ಅಂಗಿಯ ಜೇಬು ಹರಿದುಕೊಂಡು ಓಡಿದ್ದು. ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಅದು ಒಂದು ಸ್ಟ್ರೀಮ್ ಅಂತ ಲೆಕ್ಕ. ಹಾಡು ಮಾಡುವವರಿಗೂ ಈ ಲೆಕ್ಕ ಗೊತ್ತು. ನಾವು ಮೂವತ್ತು ಸೆಕೆಂಡಿನ ಕೇಳುಗರಾದರೆ ನಮಗೆ ಮೂವತ್ತು ಸೆಕೆಂಡಿನ ಹಾಡುಗಳೇ ಸಿಗುತ್ತವೆ. ಆಮೇಲೆ "ಈಗಿನ ಹಾಡಲ್ಲಿ ಏನಿದೆ" ಅಂತ ಅಳಬಾರದು.

"ಹಾಡು ಕೇಳೋದು ಖುಷಿಗೆ. ಇದೇನು ಪರೀಕ್ಷೆನಾ?" ಕೊನೆಯ ವಾದ, ಬಹಳ ಜನರದ್ದು. ನಾನು ಪರೀಕ್ಷೆ ಇಡುತ್ತಿಲ್ಲ. ಪಾತ್ರೆ ತೊಳೆಯುವಾಗ, ಗಾಡಿ ಓಡಿಸುವಾಗ, ನಿದ್ದೆ ಬರದಾಗ ಏನು ಬೇಕಾದರೂ ಹೇಗೆ ಬೇಕಾದರೂ ಕೇಳಿ. ನಾನೂ ಕೇಳುತ್ತೇನೆ. ನನ್ನ ತಕರಾರು ನೀವು ಇನ್ನೊಬ್ಬರಿಗೆ ಹೇಳಲು ಬಾಯಿ ತೆಗೆದಾಗ ಶುರುವಾಗುತ್ತದೆ. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದವನು ಬಂದು "ಗರಿಗರಿ ಇತ್ತು, ಪಲ್ಯಕ್ಕೆ ಉಪ್ಪು ಕಮ್ಮಿ, ಚಟ್ನಿ ಮಾತ್ರ ಹಾಗೇ ಕುಡೀಬೋದು" ಅಂತ ಹೇಳುವುದು ಖುಷಿಯಿಂದಲೇ ಅಲ್ಲವೇ? ದೋಸೆಗೆ ಮೂರು ವಾಕ್ಯ ಸಿಗುತ್ತದೆ. ಹಾಡಿಗೆ ಬರೀ ಒಂದು ಬೆಂಕಿ ಚಿತ್ರವಾ?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಈ ಭಾನುವಾರ ಯಾವುದಾದರೂ ಒಂದು ಆಲ್ಬಮ್ ಆರಿಸಿಕೊಳ್ಳಿ. ಹಳೆಯದೋ ಹೊಸದೋ, ಕನ್ನಡದ್ದೋ ಇನ್ಯಾವುದೋ. ಶಫಲ್ ಆಫ್ ಮಾಡಿ. ಮೊದಲಿಂದ ಕೊನೆಗೆ ಕೇಳಿ. ಇನ್ನೊಂದು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ಆಮೇಲೆ ಒಬ್ಬರಿಗೆ, ಒಬ್ಬರೇ ಸಾಕು, ನಾಲ್ಕು ಸಾಲು ಬರೆಯಿರಿ. ಕವಿಯ ಹೆಸರು ಹುಡುಕಿ ಹಾಕಿ. ಆ್ಯಪ್‌ನಲ್ಲಿ ಇಲ್ಲದಿದ್ದರೆ ಮನೆಯಲ್ಲಿ ದೊಡ್ಡವರನ್ನು ಕೇಳಿ, ಲೈಬ್ರರಿಯಲ್ಲಿ ಕವಿತಾ ಸಂಕಲನ ತೆಗೆದು ನೋಡಿ. ಕ್ಯಾಬ್ ಓಡಿಸುವವರನ್ನು ಕೇಳಿದರೂ ಆದೀತು. "ಇಷ್ಟ ಆಗಲಿಲ್ಲ" ಅಂತ ಬೇಕಾದರೂ ಬರೆಯಿರಿ, ಯಾಕೆ ಅಂತ ಒಂದು ಸಾಲು ಸೇರಿಸಿ. ಕೇಳಿ ಬೈದರೆ ಅದೂ ಮರ್ಯಾದೆಯೇ.

ಪಕ್ಕದ ಸೀಟಿನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಆಯ್ತು ಮಾರಾಯ, ಕೊರೀಬೇಡ" ಅಂದ. ಆದರೆ ನಿನ್ನೆ ಸಂಜೆ ಮೆಸೇಜ್ ಬಂತು. "ಆ ಆಲ್ಬಮ್ ಪೂರ್ತಿ ಕೇಳ್ದೆ. ಈಗಲೂ ಬೋರೇ. ಆದ್ರೆ ನಾಲ್ಕನೇ ಹಾಡಿನ ಕೊನೇಲಿ ಒಂದು ಶಹನಾಯಿ ಬರುತ್ತೆ, ಅದು ಯಾರು ನುಡಿಸಿದ್ದು ಅಂತ ಎಲ್ಲೂ ಹಾಕಿಲ್ಲ. ನಿಂಗೊತ್ತಾ?"

ನನಗೆ ಗೊತ್ತಿಲ್ಲ. ಇಬ್ಬರೂ ಹುಡುಕುತ್ತಿದ್ದೇವೆ :-)

ಇವತ್ತಿನ ನನ್ನ ನಾಲ್ಕು ಸಾಲು. ಕೇಳಿದ್ದು 'ನಿತ್ಯೋತ್ಸವ'. ಕೇಳಿದ್ದು ಸಾಗರದ ಮನೆಯ ಜಗುಲಿಯಲ್ಲಿ, ಅಪ್ಪನ ಜೊತೆ, ಸಣ್ಣ ಸ್ಪೀಕರಿನಲ್ಲಿ. ಕಿವಿಗೆ ಬಿದ್ದದ್ದು, ಹಾಡು ಎಷ್ಟೇ ಏರಿದರೂ ಪದ ಒಂದೂ ಮುಚ್ಚಿಹೋಗುವುದಿಲ್ಲ, ಪ್ರತಿ ಅಕ್ಷರಕ್ಕೂ ಜಾಗ ಬಿಟ್ಟು ವಾದ್ಯ ನುಡಿಯುತ್ತದೆ. ಕವಿತೆ ಕೆ.ಎಸ್. ನಿಸಾರ್ ಅಹಮದ್, ಸಂಗೀತ ಮೈಸೂರು ಅನಂತಸ್ವಾಮಿ.

ಇನ್ನು ನೀವು ಹೇಳಿ. ಈ ವಾರ ಏನು ಕೇಳಿದಿರಿ?